ಎಂಡಿಎಂಎ ಕೇಳಿಕೊಂಡು ಹೋದವಳು: ಕಲಬುರಗಿಯ ಒಂದು ಮನೋಚಿಕಿತ್ಸಾಲಯದಲ್ಲಿ ಹದಿನಾಲ್ಕು ವಾರ

ಕಲಬುರಗಿಯ ಜೇವರ್ಗಿ ರಸ್ತೆಯಿಂದ ಒಳಗೆ ಹೊರಳುವ ಒಂದು ಓಣಿಯಲ್ಲಿ, ಔಷಧ ಅಂಗಡಿಯೊಂದರ ಮೇಲಂತಸ್ತಿನಲ್ಲಿರುವ ಮನೋಚಿಕಿತ್ಸಾಲಯದಲ್ಲಿ ನಾನು ಕಳೆದ ವರ್ಷ ಹದಿನಾಲ್ಕು ವಾರ ಚಿಕಿತ್ಸೆ ಪಡೆದೆ. ಮೊದಲ ದಿನ ಅಲ್ಲಿಗೆ ಹೋದಾಗ ಮನಸ್ಸಿನ ಆಘಾತಕ್ಕೆ ಔಷಧವಾಗಬಹುದೇ ಎಂದು ಪರೀಕ್ಷಿಸುತ್ತಿರುವ ಎಂಡಿಎಂಎ ಎಂಬ ಮಾದಕ ರಾಸಾಯನಿಕದ ಕುರಿತು ಮುದ್ರಿಸಿಕೊಂಡಿದ್ದ ಎರಡು ಸಂಶೋಧನಾ ಲೇಖನಗಳು ನನ್ನ ಚೀಲದಲ್ಲಿದ್ದವು, ಮತ್ತು ಅದು ನನಗೆ ಸಿಗುತ್ತದೆಯೇ ಎಂಬ ಒಂದೇ ಪ್ರಶ್ನೆ ಮನಸ್ಸಿನಲ್ಲಿತ್ತು. ಅದು ಸಿಗಲಿಲ್ಲ. ಏಕೆ ಸಿಗಲಿಲ್ಲ, ಅದರ ಬದಲಿಗೆ ಏನು ಸಿಕ್ಕಿತು, ಸಿಕ್ಕಿದ್ದರಲ್ಲಿ ಏನು ಚೆನ್ನಾಗಿತ್ತು, ಏನು ಚೆನ್ನಾಗಿರಲಿಲ್ಲ ಎಂಬುದನ್ನು ನನ್ನಂತೆಯೇ ನಡುರಾತ್ರಿ ಫೋನಿನಲ್ಲಿ ಹುಡುಕುತ್ತ ಕುಳಿತಿರುವವರಿಗಾಗಿ ಬರೆಯುತ್ತಿದ್ದೇನೆ. ಚಿಕಿತ್ಸಾಲಯದ ಕೊರತೆಗಳನ್ನೂ ಹೇಳಲಿರುವುದರಿಂದ ಅದರ ಹೆಸರು ಬರೆಯುವುದಿಲ್ಲ. ಊರು ದೊಡ್ಡದಾದರೂ ಈ ಕೆಲಸ ಮಾಡುವವರು ಇಲ್ಲಿ ಬೆರಳೆಣಿಕೆಯಷ್ಟೇ ಇದ್ದಾರೆ, ಅವರಲ್ಲಿ ಯಾರ ಬಾಗಿಲೂ ಮುಚ್ಚಬಾರದೆಂಬುದು ನನ್ನ ಆಸೆ.

ನನ್ನ ತೊಂದರೆಯನ್ನು ಮೊದಲು ಹೇಳಬೇಕು. ಮೂರು ವರ್ಷಗಳ ಹಿಂದೆ ಜನವರಿಯಲ್ಲಿ, ತೊಗರಿ ಗಂಜಿಗೆ, ಅಂದರೆ ಕಾಳಿನ ಮಾರುಕಟ್ಟೆಗೆ, ಬರುವ ಹಂಗಾಮಿನಲ್ಲಿ, ಜೇವರ್ಗಿ ತಾಲ್ಲೂಕಿನ ನಮ್ಮ ಊರಿನಿಂದ ತಮ್ಮನ ಬೈಕಿನ ಹಿಂದೆ ಕುಳಿತು ರಾತ್ರಿ ಕಲಬುರಗಿಗೆ ಬರುತ್ತಿದ್ದೆ. ಕಟ್ಟಿಸಂಗಾವಿ ಸೇತುವೆ ದಾಟಿದ ಮೇಲೆ ಬರುವ ಒಂದು ತಿರುವಿನಲ್ಲಿ ಎದುರಿನಿಂದ ಬಂದ ತೊಗರಿ ಲಾರಿಯ ಟಯರು ಒಡೆದು ಲಾರಿ ನಮ್ಮ ಕಡೆಗೆ ಹೊರಳಿತು. ನನ್ನ ಕೊರಳಿನ ಎಲುಬು ಮುರಿಯಿತು. ತಮ್ಮ ಅಲ್ಲಿಯೇ ಹೋದ. ಅಂಬುಲೆನ್ಸ್ ಬರುವವರೆಗೆ ಹರಿದ ಚೀಲಗಳಿಂದ ಸುರಿದ ತೊಗರಿಯ ರಾಶಿಯ ಮೇಲೆ ನಾನು ಬಿದ್ದಿದ್ದೆ. ಎಲುಬು ಕೂಡಿಕೊಂಡಿತು, ಆದರೆ ಡೀಸೆಲ್ ಬೆರೆತ ಹಸಿ ತೊಗರಿಯ ಧೂಳಿನ ವಾಸನೆ ಮೂಗಿನಲ್ಲಿಯೇ ಉಳಿದುಬಿಟ್ಟಿತು.

ಬೇರೆ ಊರಿನವರಿಗೆ ಇದು ಸಣ್ಣ ಮಾತಾಗಿ ಕಾಣಬಹುದು. ಕಲಬುರಗಿಯಲ್ಲಿರುವವರಿಗೆ ತೊಗರಿಯ ವಾಸನೆಯಿಂದ ತಪ್ಪಿಸಿಕೊಳ್ಳುವುದೆಂದರೆ ಏನೆಂದು ಗೊತ್ತು. 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ತೊಗರಿ ನಮ್ಮದು. ದಾಲ್ ಮಿಲ್ಲುಗಳ ಮುಂದೆ ಹಾಯದೆ ಊರಿನ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಹೋಗುವುದು ಕಷ್ಟ, ಅಡುಗೆಮನೆಯಲ್ಲಿ ಬೇಳೆ ಇಲ್ಲದ ದಿನವಿಲ್ಲ. ನಾನು ಪದವಿಪೂರ್ವ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ತರಗತಿಯ ಕಿಟಕಿಯಿಂದ ಗಾಳಿಯೊಂದಿಗೆ ಆ ವಾಸನೆ ಬಂದರೆ ಕೈಯಲ್ಲಿದ್ದ ಸೀಮೆಸುಣ್ಣ ಬೀಳುತ್ತಿತ್ತು, ಎದೆ ಹೊಡೆದುಕೊಳ್ಳುತ್ತಿತ್ತು, ಮುಂದಿನ ಹತ್ತು ನಿಮಿಷ ನಾನು ಆ ರಸ್ತೆಯ ಮೇಲೆಯೇ ಇರುತ್ತಿದ್ದೆ. ರಾತ್ರಿ ನಿದ್ದೆಯಿರಲಿಲ್ಲ. ಜೇವರ್ಗಿ ಬಸ್ಸು ಹತ್ತುವುದನ್ನು ಬಿಟ್ಟೆ, ಆಮೇಲೆ ತಮ್ಮನ ಹೆಸರು ಹೇಳುವುದನ್ನೂ ಬಿಟ್ಟೆ. ವೈದ್ಯರ ಭಾಷೆಯಲ್ಲಿ ಇದಕ್ಕೆ ಆಘಾತೋತ್ತರ ಒತ್ತಡದ ಅಸ್ವಸ್ಥತೆ, ಅಂದರೆ ಪಿಟಿಎಸ್‌ಡಿ ಎನ್ನುತ್ತಾರೆಂದು ಗೊತ್ತಾಗುವ ಹೊತ್ತಿಗೆ ಎರಡು ವರ್ಷ ಕಳೆದಿದ್ದವು. ಅಷ್ಟರಲ್ಲಿ ಬೇರೊಬ್ಬ ವೈದ್ಯರು ಸರ್ಟ್ರಾಲಿನ್ ಎಂಬ ಖಿನ್ನತೆಯ ಗುಳಿಗೆ ಬರೆದುಕೊಟ್ಟಿದ್ದರು. ನಿದ್ದೆ ಸ್ವಲ್ಪ ಸುಧಾರಿಸಿತು, ವಾಸನೆ ಹೋಗಲಿಲ್ಲ.

ಎಂಡಿಎಂಎ ನನಗೆ ಸಿಕ್ಕಿದ್ದು ಓದಿನಲ್ಲಿ. ವೃತ್ತಿಯಿಂದಾಗಿ ಮೊದಲು ಅದರ ಅಣುವಿನ ರಚನೆಯನ್ನು ನೋಡಿದೆ, ಆಮೇಲೆ ಅದರ ಚರಿತ್ರೆಯನ್ನು. ಜರ್ಮನಿಯ ಮರ್ಕ್ ಕಂಪನಿ 1912ರಲ್ಲಿ ರಕ್ತಸ್ರಾವ ತಡೆಯುವ ಔಷಧವೊಂದನ್ನು ತಯಾರಿಸುವ ದಾರಿಯಲ್ಲಿ, ನಡುವಿನ ಹಂತದ ವಸ್ತುವಾಗಿ ಇದನ್ನು ತಯಾರಿಸಿ ಪೇಟೆಂಟಿಗೆ ಅರ್ಜಿ ಹಾಕಿತ್ತು. ಅಲ್ಲಿಂದ ಬಹಳ ಕಾಲ ಯಾರೂ ಇದರ ಗೋಜಿಗೆ ಹೋಗಲಿಲ್ಲ. 1970ರ ದಶಕದಲ್ಲಿ ಅಮೆರಿಕದ ರಸಾಯನವಿಜ್ಞಾನಿ ಅಲೆಕ್ಸಾಂಡರ್ ಶುಲ್ಗಿನ್ ಇದನ್ನು ಮತ್ತೆ ತಯಾರಿಸಿ, ಲಿಯೋ ಝೆಫ್ ಎಂಬ ಮನೋಚಿಕಿತ್ಸಕರಿಗೆ ಪರಿಚಯಿಸಿದರು. ಅವರ ಮೂಲಕ ಇದು ಅನೇಕ ಚಿಕಿತ್ಸಕರ ಕೋಣೆಗಳನ್ನು ತಲುಪಿತು. ಅದೇ ಹೊತ್ತಿಗೆ ಮೋಜಿನ ಗುಳಿಗೆಯಾಗಿ ಬೀದಿಗೂ ಬಂತು. 1985ರಲ್ಲಿ ಅಮೆರಿಕ ಇದನ್ನು ಅತ್ಯಂತ ಕಠಿಣ ನಿಷೇಧದ ಪಟ್ಟಿಗೆ ಸೇರಿಸಿತು. ನಮ್ಮ ದೇಶದ ಮಾದಕ ವಸ್ತುಗಳ ಕಾಯ್ದೆಯೂ ಅದೇ 1985ರದ್ದು.

ನಾನು ಮುದ್ರಿಸಿಕೊಂಡಿದ್ದ ಎರಡೂ ಲೇಖನಗಳು ನೇಚರ್ ಮೆಡಿಸಿನ್ ಪತ್ರಿಕೆಯಲ್ಲಿ ಬಂದವು. 2021ರ ಮೊದಲ ಪ್ರಯೋಗದಲ್ಲಿ ಪಿಟಿಎಸ್‌ಡಿ ತೀವ್ರವಾಗಿದ್ದ 90 ಜನರಿದ್ದರು. ಮನೋಚಿಕಿತ್ಸೆಯ ಜೊತೆಗೆ ಎಂಡಿಎಂಎ ಪಡೆದವರಲ್ಲಿ ಶೇಕಡಾ 67ರಷ್ಟು ಜನ ಕೊನೆಯಲ್ಲಿ ಪಿಟಿಎಸ್‌ಡಿ ಎಂಬ ಲೆಕ್ಕದಿಂದಲೇ ಹೊರಗೆ ಬಂದಿದ್ದರು. 2023ರ ಎರಡನೆಯ ಪ್ರಯೋಗದಲ್ಲಿ, 104 ಜನರ ನಡುವೆ, ಆ ಸಂಖ್ಯೆ ಶೇಕಡಾ 71.2. ಎರಡು ವರ್ಷ ಗುಳಿಗೆ ನುಂಗಿಯೂ ಒಂದು ವಾಸನೆಯಿಂದ ಬಿಡಿಸಿಕೊಳ್ಳಲಾಗದವಳಿಗೆ ಈ ಸಂಖ್ಯೆಗಳು ಏನು ಮಾಡುತ್ತವೆಂದು ನಾನು ವಿವರಿಸಬೇಕಾಗಿಲ್ಲ. ಆ ವಾರ ನಾನು ಬೇರೆ ಏನನ್ನೂ ಓದಲಿಲ್ಲ.

ಚಿಕಿತ್ಸಾಲಯಕ್ಕೆ ಹೋಗುವ ಮುನ್ನ ನಾನು ಇನ್ನೊಂದು ಬಾಗಿಲನ್ನೂ ತಟ್ಟಿದ್ದೆ, ಅದನ್ನು ಮುಚ್ಚಿಡುವುದಿಲ್ಲ. ಫೋನಿನ ಸಂದೇಶ ಗುಂಪೊಂದರಲ್ಲಿ ಯಾರೋ ಒಬ್ಬರು ದೊಡ್ಡ ನಗರವೊಂದರ ಹೊರವಲಯದ ರೆಸಾರ್ಟಿನಲ್ಲಿ ‘ಮಾರ್ಗದರ್ಶಿತ ಎಂಡಿಎಂಎ ಚಿಕಿತ್ಸೆ’ ಕೊಡಿಸುವುದಾಗಿ ಬರೆದಿದ್ದರು. ಎರಡು ರಾತ್ರಿಗೆ ನಲವತ್ತು ಸಾವಿರ ರೂಪಾಯಿ. ನಾನು ಮೂರು ಪ್ರಶ್ನೆ ಕೇಳಿದೆ. ಗುಳಿಗೆಯಲ್ಲಿ ಎಷ್ಟು ಮಿಲಿಗ್ರಾಂ ಇದೆ, ಅದನ್ನು ಪರೀಕ್ಷಿಸಿದವರು ಯಾರು, ನಾನು ಸರ್ಟ್ರಾಲಿನ್ ತೆಗೆದುಕೊಳ್ಳುತ್ತಿದ್ದೇನೆ, ಏನು ಮಾಡಬೇಕು? ಮೊದಲ ಎರಡಕ್ಕೆ ನಗುಮುಖದ ಚಿತ್ರ ಬಂತು. ಮೂರನೆಯದಕ್ಕೆ, ಹಿಂದಿನ ದಿನ ನಿಲ್ಲಿಸಿದರೆ ಸಾಕೆಂಬ ಉತ್ತರ ಬಂತು. ಅಲ್ಲಿಗೆ ನಾನು ಆ ಗುಂಪನ್ನು ಬಿಟ್ಟೆ. ಆ ಉತ್ತರ ಎಷ್ಟು ಅಪಾಯಕಾರಿಯಾಗಿತ್ತೆಂಬುದು ನನಗೆ ಪೂರ್ತಿಯಾಗಿ ತಿಳಿದದ್ದು ಮುಂದಿನ ವಾರ, ವೈದ್ಯರ ಎದುರು ಕುಳಿತಾಗ.

ಚಿಕಿತ್ಸಾಲಯದಲ್ಲಿ ಇಬ್ಬರು ಕೆಲಸ ಮಾಡುತ್ತಾರೆ: ಒಬ್ಬರು ಮನೋವೈದ್ಯೆ, ಇನ್ನೊಬ್ಬರು ಚಿಕಿತ್ಸಾ ಮನೋವಿಜ್ಞಾನದಲ್ಲಿ ತರಬೇತಿ ಪಡೆದ ಕಿರಿಯ ಹೆಣ್ಣುಮಗಳು. ಮೊದಲ ಭೇಟಿ ವೈದ್ಯೆಯೊಂದಿಗೆ, ಐವತ್ತು ನಿಮಿಷ. ನಾನು ಲೇಖನಗಳನ್ನು ಮೇಜಿನ ಮೇಲಿಟ್ಟಾಗ ಅವರು ಅವುಗಳನ್ನು ಬದಿಗೆ ಸರಿಸಲಿಲ್ಲ. ಕನ್ನಡಕ ಹಾಕಿಕೊಂಡು ನಾನು ಗೆರೆ ಎಳೆದಿದ್ದ ಸಾಲುಗಳನ್ನು ಓದಿದರು. “ಮೇಡಂ, ಓದಿಕೊಂಡು ಬಂದೀರಿ, ಛಲೋ ಆತು. ಆದ್ರ ಇದು ನಾ ಬರದು ಕೊಡೋ ಔಷಧ ಅಲ್ಲರಿ. ಯಾಕಂತ ಪೂರಾ ಹೇಳ್ತೀನಿ, ಕುಂದರ್ರಿ,” ಎಂದರು. ಈ ಚಿಕಿತ್ಸಾಲಯದ ಬಗ್ಗೆ ನನ್ನ ಮೊದಲ ಮೆಚ್ಚುಗೆ ಇದೇ. ರೋಗಿ ಏನನ್ನೋ ಓದಿಕೊಂಡು ಬಂದಾಗ ಮುಖ ಗಂಟಿಕ್ಕುವ ವೈದ್ಯರನ್ನು ನಾವೆಲ್ಲ ಕಂಡಿದ್ದೇವೆ. ಇವರು ನನ್ನ ಓದನ್ನು ಮುಂದುವರಿಸಿದರು.

ಕಾನೂನಿನ ಮಾತು ಬೇಗ ಮುಗಿಯಿತು. ಭಾರತದಲ್ಲಿ ಎಂಡಿಎಂಎ ಔಷಧವಾಗಿ ಒಪ್ಪಿಗೆ ಪಡೆದಿಲ್ಲ, ಯಾವ ವೈದ್ಯರೂ ಅದನ್ನು ಬರೆದುಕೊಡುವಂತಿಲ್ಲ. ಮಾದಕ ವಸ್ತುಗಳ ಕಾಯ್ದೆಯ ಲೆಕ್ಕದಲ್ಲಿ ಅರ್ಧ ಗ್ರಾಂ ‘ಅಲ್ಪ ಪ್ರಮಾಣ’, ಹತ್ತು ಗ್ರಾಂ ‘ವಾಣಿಜ್ಯ ಪ್ರಮಾಣ’. ಎರಡನೆಯದಕ್ಕೆ ಕನಿಷ್ಠ ಹತ್ತು ವರ್ಷದ ಕಠಿಣ ಶಿಕ್ಷೆ.

ವೈದ್ಯಕೀಯದ ಮಾತಿಗೆ ಅವರು ಹೆಚ್ಚು ಸಮಯ ಕೊಟ್ಟರು. ಎಂಡಿಎಂಎ ಮಿದುಳಿನ ನರಕೋಶಗಳಿಂದ ಸೆರೊಟೋನಿನ್ ಎಂಬ ಸಂದೇಶವಾಹಕ ರಾಸಾಯನಿಕವನ್ನು ದೊಡ್ಡ ಪ್ರಮಾಣದಲ್ಲಿ ಹೊರಗೆ ಹರಿಸುತ್ತದೆ. ಅದಕ್ಕಾಗಿ ಅದು ಬಳಸುವ ಬಾಗಿಲೂ ಸರ್ಟ್ರಾಲಿನ್ ಮುಚ್ಚಿಡುವ ಬಾಗಿಲೂ ಒಂದೇ. ಆದ್ದರಿಂದ ಎರಡನ್ನೂ ಒಟ್ಟಿಗೆ ತೆಗೆದುಕೊಂಡರೆ ಎಂಡಿಎಂಎಯ ಪರಿಣಾಮ ಮಂಕಾಗುತ್ತದೆ, ಪರಿಣಾಮ ಸಾಲದೆಂದು ಇನ್ನಷ್ಟು ನುಂಗಿದವರಿಗೆ ಅಪಾಯ ಹೆಚ್ಚುತ್ತದೆ. ಖಿನ್ನತೆಯ ಇನ್ನೊಂದು ಬಗೆಯ ಔಷಧವಾದ ಎಂಎಒ ತಡೆಕಾರಿಗಳೊಂದಿಗೆ ಸೇರಿದರೆ ಜೀವವೇ ಹೋಗಬಹುದು. ಪ್ರಯೋಗಗಳಲ್ಲಿ ಭಾಗವಹಿಸಿದವರ ಮನೋರೋಗದ ಔಷಧಗಳನ್ನು ವೈದ್ಯರ ನಿಗಾದಲ್ಲಿ, ವಾರಗಟ್ಟಲೆ ಮೊದಲೇ, ಹಂತಹಂತವಾಗಿ ಇಳಿಸಿದ್ದರು. ಹಿಂದಿನ ದಿನ ನಿಲ್ಲಿಸಿ ಬಂದರಾಯಿತು ಎಂದಿದ್ದ ಸಂದೇಶವನ್ನು ನಾನು ಫೋನಿನಲ್ಲಿ ತೋರಿಸಿದೆ. ವೈದ್ಯೆ ಅದನ್ನು ಎರಡು ಸಲ ಓದಿ, ನನ್ನ ರಕ್ತದೊತ್ತಡ ನೋಡಿದರು. ಅದು 148ಕ್ಕೆ 94 ಇತ್ತು. ಎಂಡಿಎಂಎ ರಕ್ತದೊತ್ತಡವನ್ನೂ ಎದೆಬಡಿತವನ್ನೂ ಏರಿಸುತ್ತದೆ, ಮೈಬಿಸಿಯನ್ನು ಹೆಚ್ಚಿಸುತ್ತದೆ, ಅತಿಯಾಗಿ ನೀರು ಕುಡಿದರೆ ರಕ್ತದ ಸೋಡಿಯಂ ಕುಸಿಯುವಂತೆ ಮಾಡುತ್ತದೆ. ಬೀದಿಯಲ್ಲಿ ಅದರ ಹೆಸರಿನಲ್ಲಿ ಮಾರುವ ಗುಳಿಗೆಯಲ್ಲಿ ಅದೇ ಇರುತ್ತದೆಂಬ ಭರವಸೆಯೂ ಇಲ್ಲ. ಪ್ರಯೋಗಾಲಯದಲ್ಲಿ ಸೀಸೆಯ ಮೇಲಿನ ಚೀಟಿ ಓದದೆ ಏನನ್ನೂ ಮುಟ್ಟಬಾರದೆಂದು ವರ್ಷವರ್ಷವೂ ಮಕ್ಕಳಿಗೆ ಹೇಳುವವಳು ನಾನು. ನೋವು ಮನುಷ್ಯರನ್ನು ಎಲ್ಲಿಯವರೆಗೆ ಕರೆದೊಯ್ಯುತ್ತದೆಂದು ಆ ಕುರ್ಚಿಯಲ್ಲಿ ಕುಳಿತು ತಿಳಿದೆ.

ಆಮೇಲೆ ಅವರು ನಾನು ಗೆರೆ ಎಳೆಯದೆ ಬಿಟ್ಟಿದ್ದ ಒಂದು ಸಾಲಿನ ಮೇಲೆ ಬೆರಳಿಟ್ಟರು. ಎರಡೂ ಪ್ರಯೋಗಗಳಲ್ಲಿ ಇನ್ನೊಂದು ಗುಂಪಿತ್ತು: ಅವರಿಗೆ ಕೊಟ್ಟದ್ದು ಔಷಧವಿಲ್ಲದ ಹುಸಿ ಗುಳಿಗೆ, ಆದರೆ ಮನೋಚಿಕಿತ್ಸೆ ಅಷ್ಟೇ ಗಂಟೆ, ಅದೇ ಕ್ರಮ. ಆ ಗುಂಪಿನಲ್ಲಿ ಪಿಟಿಎಸ್‌ಡಿಯಿಂದ ಹೊರಬಂದವರು ಮೊದಲ ಪ್ರಯೋಗದಲ್ಲಿ ಶೇಕಡಾ 32, ಎರಡನೆಯದರಲ್ಲಿ ಶೇಕಡಾ 47.6. ಹೆಚ್ಚುಕಡಿಮೆ ಅರ್ಧದಷ್ಟು ಜನ! ಹಾಗಾದರೆ ಆ ಗಂಟೆಗಳಲ್ಲಿ ಏನು ನಡೆಯಿತು? ಗುಳಿಗೆ ಕೊಡುವ ಮುನ್ನ ಒಂದೂವರೆ ಗಂಟೆಯ ಮೂರು ಸಿದ್ಧತಾ ಸೆಷನ್‌ಗಳು. ಗುಳಿಗೆಯ ಮೂರು ದಿನ, ಸುಮಾರು ಒಂದೊಂದು ತಿಂಗಳ ಅಂತರದಲ್ಲಿ, ದಿನಕ್ಕೆ ಎಂಟು ಗಂಟೆ, ಇಬ್ಬರು ಚಿಕಿತ್ಸಕರು ಪಕ್ಕದಲ್ಲಿ. ಪ್ರತಿ ಗುಳಿಗೆಯ ದಿನದ ನಂತರ ಮತ್ತೆ ಒಂದೂವರೆ ಗಂಟೆಯ ಮೂರು ಮೂರು ಸೆಷನ್‌ಗಳು. ನಾನು ಅಲ್ಲಿಯೇ ಕೂಡಿಸಿದೆ. ಒಟ್ಟು 42 ಗಂಟೆ. ಎರಡು ವರ್ಷ ನಾನು ವೈದ್ಯರನ್ನು ನೋಡಿದ ಸಮಯವನ್ನೆಲ್ಲ ಕೂಡಿಸಿದರೂ ಎರಡು ಗಂಟೆ ದಾಟುತ್ತಿರಲಿಲ್ಲ.

ನನ್ನ ಇಡೀ ಅಭಿಪ್ರಾಯ ಈ ಲೆಕ್ಕದ ಮೇಲೆ ನಿಂತಿದೆ. ಎಂಡಿಎಂಎಯ ಸುದ್ದಿಯಲ್ಲಿ ಗುಳಿಗೆಯೇ ದೊಡ್ಡದಾಗಿ ಕಾಣುತ್ತದೆ, ಆ ಗುಳಿಗೆಯ ಸುತ್ತ ಕಟ್ಟಿದ ಗಂಟೆಗಳು ಕಾಣುವುದಿಲ್ಲ. ಗುಳಿಗೆ ಏನೂ ಮಾಡುವುದಿಲ್ಲವೆಂದು ನಾನು ಹೇಳುತ್ತಿಲ್ಲ, 47.6ಕ್ಕೂ 71.2ಕ್ಕೂ ನಡುವಿನ ಅಂತರ ಸಣ್ಣದಲ್ಲ. ಭಯದ ಕೇಂದ್ರವಾದ ಅಮಿಗ್ಡಲಾದ ಅಬ್ಬರವನ್ನು ತಗ್ಗಿಸಿ, ಆಪ್ತತೆಯ ಭಾವದೊಂದಿಗೆ ನಂಟಿರುವ ಆಕ್ಸಿಟೋಸಿನ್ ಎಂಬ ಹಾರ್ಮೋನನ್ನು ಹೆಚ್ಚಿಸಿ, ಎದುರಿಗಿರುವವರ ಮೇಲೆ ನಂಬಿಕೆ ಮೂಡಿಸಿ, ನೆನಪನ್ನು ಹತ್ತಿರದಿಂದ ನೋಡುವಾಗಲೂ ಮನುಷ್ಯ ಓಡಿಹೋಗದಂತೆ ಅದು ಹಿಡಿದಿಡುತ್ತದೆಂದು ಸಂಶೋಧಕರು ವಿವರಿಸುತ್ತಾರೆ. ಆದರೆ ಅದು ಹಿಡಿದಿಟ್ಟಿರುವ ಹೊತ್ತಿನಲ್ಲಿ ನೆನಪಿನೊಂದಿಗೆ ಕೆಲಸ ಮಾಡಬೇಕಾದವರು ರೋಗಿ ಮತ್ತು ಚಿಕಿತ್ಸಕರೇ.

ಆ ಅಂತರವನ್ನೂ ಕಣ್ಣುಮುಚ್ಚಿ ಒಪ್ಪಲಾಗದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎಯೇ ಹೇಳಿದೆ. 2017ರಲ್ಲಿ ಈ ಚಿಕಿತ್ಸೆಗೆ ವಿಶೇಷ ಆದ್ಯತೆ ಕೊಟ್ಟಿದ್ದ ಎಫ್‌ಡಿಎಯ ಸಲಹಾ ಸಮಿತಿ 2024ರ ಜೂನ್ 4ರಂದು ಪರಿಣಾಮ ಸಾಬೀತಾಗಿದೆಯೇ ಎಂಬ ಪ್ರಶ್ನೆಗೆ 9ಕ್ಕೆ 2 ಮತಗಳಿಂದ ಇಲ್ಲವೆಂದಿತು. ಅಪಾಯಕ್ಕಿಂತ ಲಾಭ ಹೆಚ್ಚೇ ಎಂಬುದಕ್ಕೆ 10ಕ್ಕೆ 1ರಿಂದ ಇಲ್ಲವೆಂದಿತು. ಅದೇ ಆಗಸ್ಟಿನಲ್ಲಿ ಎಫ್‌ಡಿಎ, ಈ ಚಿಕಿತ್ಸೆಗೆ ಒಪ್ಪಿಗೆ ಕೇಳಿದ್ದ ಲೈಕೋಸ್ ಕಂಪನಿಯ ಅರ್ಜಿಯನ್ನು ಒಪ್ಪದೆ ಇನ್ನೊಂದು ದೊಡ್ಡ ಪ್ರಯೋಗ ಕೇಳಿತು. ಮುಖ್ಯ ಆಕ್ಷೇಪಗಳಲ್ಲಿ ಒಂದು ನನ್ನ ವಿದ್ಯಾರ್ಥಿಗಳಿಗೂ ಅರ್ಥವಾಗುವಂಥದ್ದು: ತಮಗೆ ಸಿಕ್ಕಿದ್ದು ನಿಜವಾದ ಗುಳಿಗೆಯೋ ಹುಸಿಯೋ ಎಂಬುದು ಭಾಗವಹಿಸಿದ ಹೆಚ್ಚಿನವರಿಗೆ ತಿಳಿದುಬಿಡುತ್ತಿತ್ತು, ಆದ್ದರಿಂದ ನಿರೀಕ್ಷೆಯನ್ನೂ ಪರಿಣಾಮವನ್ನೂ ಬೇರ್ಪಡಿಸುವುದು ಕಷ್ಟ. ಇನ್ನೊಂದು ನೀತಿಯದ್ದು. ಕೆನಡಾದ ವ್ಯಾಂಕೂವರಿನಲ್ಲಿ ಹಿಂದೆ ನಡೆದ ಒಂದು ಪ್ರಯೋಗದಲ್ಲಿ ಚಿಕಿತ್ಸಕರೇ ರೋಗಿಯೊಂದಿಗೆ ಮೇರೆ ಮೀರಿ ನಡೆದುಕೊಂಡಿದ್ದರು, ಅದಕ್ಕೆ ಸಂಬಂಧಿಸಿ ಮೂರು ಪ್ರಬಂಧಗಳನ್ನು ಪ್ರಕಟಿಸಿದ್ದ ಪತ್ರಿಕೆ 2024ರಲ್ಲಿ ಅವುಗಳನ್ನು ಹಿಂತೆಗೆದುಕೊಂಡಿತು. ನಂಬಿಕೆಯನ್ನು ಹೆಚ್ಚಿಸುವ ಔಷಧದ ಅಮಲಿನಲ್ಲಿರುವ ಮನುಷ್ಯರು ಎಷ್ಟು ರಕ್ಷಣೆಯಿಲ್ಲದವರಾಗಿರುತ್ತಾರೆಂದು ಯೋಚಿಸಿದರೆ, ವೈದ್ಯಕೀಯ ನಿಗಾ ಇದ್ದ ಕಡೆಯೇ ಹೀಗಾಗಿರುವಾಗ, ಹೆಸರು ವಿಳಾಸವಿಲ್ಲದ ‘ಮಾರ್ಗದರ್ಶಿ’ಯೊಂದಿಗೆ ರೆಸಾರ್ಟಿನ ಕೋಣೆಯಲ್ಲಿ ನನಗೆ ಏನು ಬೇಕಾದರೂ ಆಗಬಹುದಿತ್ತು. ಇನ್ನೊಂದು ಕಡೆ ಆಸ್ಟ್ರೇಲಿಯ 2023ರ ಜುಲೈ 1ರಿಂದ ಅಧಿಕಾರ ಪಡೆದ ಮನೋವೈದ್ಯರು ಪಿಟಿಎಸ್‌ಡಿಗೆ ಇದನ್ನು ಕೊಡಲು ಅವಕಾಶ ಮಾಡಿದೆ. ಸಂಶೋಧನೆ ಮುಂದುವರಿಯಲಿ ಎಂದೇ ನಾನು ಬಯಸುತ್ತೇನೆ.

ಬದಲಿಗೆ ನನಗೆ ಸಿಕ್ಕಿದ್ದು ದೀರ್ಘ ಎದುರಿಸುವಿಕೆಯ ಚಿಕಿತ್ಸೆ. ಚಿಕಿತ್ಸಾಲಯದವರು ಅದನ್ನು ಎಕ್ಸ್‌ಪೋಷರ್ ಎನ್ನುತ್ತಾರೆ. ಅಮೆರಿಕದ ಮನೋವಿಜ್ಞಾನಿ ಎಡ್ನಾ ಫೋವಾ ರೂಪಿಸಿದ ಈ ಕ್ರಮ ದಶಕಗಳಿಂದ ಬಳಕೆಯಲ್ಲಿದೆ. ಎಂಟರಿಂದ ಹದಿನೈದು ಸೆಷನ್, ಒಂದೊಂದೂ ಸುಮಾರು ತೊಂಬತ್ತು ನಿಮಿಷ. ನನಗೆ ಹನ್ನೆರಡು ಆದವು, ಅಂದರೆ ಹದಿನೆಂಟು ಗಂಟೆ. ಸರ್ಟ್ರಾಲಿನ್ ಹಾಗೆಯೇ ಮುಂದುವರಿಯಿತು. ಕಣ್ಣಿನ ಚಲನೆಯ ಮೂಲಕ ಮಾಡುವ ಇಎಂಡಿಆರ್ ಎಂಬ ಇನ್ನೊಂದು ಚಿಕಿತ್ಸೆಯೂ ಇದೆ, ಅದನ್ನು ಮಾಡುವವರು ಇಲ್ಲಿಲ್ಲವೆಂದು ಅವರೇ ತಿಳಿಸಿದರು.

ಈ ಚಿಕಿತ್ಸೆಯಲ್ಲಿ ಎರಡು ಕೆಲಸಗಳಿವೆ. ಮೊದಲನೆಯದು, ಕಣ್ಣು ಮುಚ್ಚಿ ಕುಳಿತು ಆ ರಾತ್ರಿಯನ್ನು ಈಗ ನಡೆಯುತ್ತಿದೆಯೆಂಬಂತೆ, ವರ್ತಮಾನ ಕಾಲದಲ್ಲಿ, ಮೊದಲಿನಿಂದ ಕೊನೆಯವರೆಗೆ ಹೇಳುವುದು. ಅದು ಧ್ವನಿಮುದ್ರಣವಾಗುತ್ತದೆ, ಮನೆಯಲ್ಲಿ ಪ್ರತಿದಿನ ಕೇಳಬೇಕು. ನಾನು ಮೊದಲ ಬಾರಿ ಹೇಳಿದಾಗ ಇಡೀ ಘಟನೆ ಒಂಬತ್ತು ನಿಮಿಷದಲ್ಲಿ ಮುಗಿಯಿತು. ತರಗತಿಯಲ್ಲಿ ಪಾಠ ಮಾಡುವ ಭಾಷೆಯಲ್ಲಿ, ‘ವಾಹನವು ನಿಯಂತ್ರಣ ತಪ್ಪುತ್ತಿದೆ’ ಎಂದು, ಪಂಚನಾಮೆ ಓದುವವರ ಹಾಗೆ ಹೇಳಿದೆ. ಕಣ್ಣಲ್ಲಿ ಒಂದು ಹನಿ ಬರಲಿಲ್ಲ. ಸೆಷನ್ ನಡೆಸುತ್ತಿದ್ದ, ಮನೋವಿಜ್ಞಾನ ಕಲಿತ ಆ ಕಿರಿಯ ಹೆಣ್ಣುಮಗಳು ಬೀದರ ಜಿಲ್ಲೆಯವಳು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಕ್ಕಾರ, ಮನ್ಯಾಗ ಅವ್ವನ ಮುಂದ ಹ್ಯಾಂಗ ಹೇಳ್ತೀರಿ, ಹಂಗೇ ಹೇಳ್ರಿ,” ಎಂದಳು. ನಾನು ಅವ್ವನ ಮುಂದೆ ಹೇಳಿಯೇ ಇರಲಿಲ್ಲ. ಎರಡನೆಯ ಸಲ ಹೇಳತೊಡಗಿದಾಗ ಬಾಯಿಗೆ ಬಂದದ್ದು ನಮ್ಮ ಊರಿನ ಮಾತು: “ಲಾರಿ ಹೊರಳ್ಯಾದ. ಚೀಲ ಹರದಾವ. ತಮ್ಮಾ ಅಂತೀನಿ, ಮಾತಾಡವಲ್ಲ.” ಆ ಒಂದು ‘ಮಾತಾಡವಲ್ಲ’ ಎಂಬಲ್ಲಿ ಎರಡು ವರ್ಷದ ಅಳು ಬಂತು. ಆಕೆ ನನ್ನನ್ನು ತಡೆಯಲಿಲ್ಲ, ಸಮಾಧಾನ ಹೇಳಿ ಕಥೆ ನಿಲ್ಲಿಸಲಿಲ್ಲ. ಮುಂದೇನು ಕಾಣುತ್ತಿದೆ, ಕೈ ಎಲ್ಲಿದೆ, ಏನು ವಾಸನೆ ಎಂದಷ್ಟೇ ಮೆಲ್ಲಗೆ ಕೇಳುತ್ತ ಹೋದಳು. ಆ ದಿನ ಅದೇ ಘಟನೆ ಮೂವತ್ತೊಂದು ನಿಮಿಷ ತೆಗೆದುಕೊಂಡಿತು.

ಹೊರಗಿನಿಂದ ಬಂದ ಒಂದು ಚಿಕಿತ್ಸಾ ವಿಧಾನ ಕಲಬುರಗಿಯಲ್ಲಿ ಫಲಿಸಬೇಕಾದರೆ ಕೇಳುವವರಿಗೆ ನಮ್ಮ ಮಾತು ಬರಬೇಕು. ‘ಹರದಾವ’ ಎಂದರೆ ಏನೆಂದು ನಡುವೆ ಕೇಳಿದ್ದರೆ ನಾನು ಮತ್ತೆ ಪಾಠದ ಭಾಷೆಗೆ ಓಡಿಹೋಗುತ್ತಿದ್ದೆ. ದೊಡ್ಡ ನಗರಗಳಲ್ಲಿ ಇನ್ನೂ ಹೆಚ್ಚು ಹೆಸರಾದ ಚಿಕಿತ್ಸಕರಿದ್ದಾರೆ, ಆನ್‌ಲೈನಿನಲ್ಲಿಯೂ ಸಿಗುತ್ತಾರೆ. ನಮ್ಮ ಕಡೆಯವರು ಈ ಒಂದು ಕಾರಣಕ್ಕೇ ಮೊದಲು ಇಲ್ಲಿಯವರನ್ನು ನೋಡಬೇಕೆಂದು ನಾನು ಒತ್ತಿ ಹೇಳುತ್ತೇನೆ.

ಎರಡನೆಯ ಕೆಲಸ ಹೊರಗಿನದು. ತಪ್ಪಿಸಿಕೊಳ್ಳುತ್ತಿರುವ ಸಂಗತಿಗಳನ್ನೆಲ್ಲ ಬರೆದು, ಪ್ರತಿಯೊಂದಕ್ಕೂ ಸೊನ್ನೆಯಿಂದ ನೂರರವರೆಗೆ ಭಯದ ಅಂಕ ಕೊಟ್ಟು, ಕೆಳಗಿನ ಮೆಟ್ಟಿಲಿನಿಂದ ಒಂದೊಂದನ್ನೇ ಎದುರಿಸುವುದು. ಎಂಡಿಎಂಎ ಕೆಲವು ಗಂಟೆಗಳಲ್ಲಿ ತಗ್ಗಿಸುವ ಭಯವನ್ನು ಇಲ್ಲಿ ವಾರಗಟ್ಟಲೆ ಮೆಟ್ಟಿಲು ಮೆಟ್ಟಿಲಾಗಿ ತಗ್ಗಿಸುತ್ತಾರೆ. ನನ್ನ ಪಟ್ಟಿಯಲ್ಲಿ ಹದಿಮೂರು ಸಾಲುಗಳಿದ್ದವು. ಅಡುಗೆಮನೆಯಲ್ಲಿ ತೊಗರಿಬೇಳೆಯ ಡಬ್ಬಿ ತೆರೆಯುವುದು 30. ಬಸ್ಸಿನಲ್ಲಿ ಹಗಲು ಕಟ್ಟಿಸಂಗಾವಿ ಸೇತುವೆ ದಾಟುವುದು 75. ನೆಹರೂ ಗಂಜಿನಲ್ಲಿ ಹಂಗಾಮಿನ ಹೊತ್ತಿಗೆ ತೊಗರಿ ಚೀಲಗಳ ನಡುವೆ ನಿಲ್ಲುವುದು 85.

ಗಂಜಿಗೆ ಹೋದದ್ದು ಒಂಬತ್ತನೆಯ ವಾರ. ಅಲ್ಲಿ ನಮ್ಮ ಕಾಕಾನ ಅಡತಿ ಅಂಗಡಿ ಇದೆ. ನಿಯಮವಿಷ್ಟೇ: ಭಯ ಅರ್ಧಕ್ಕೆ ಇಳಿಯುವವರೆಗೆ ಜಾಗ ಬಿಡಬಾರದು. ಹಮಾಲರು ಚೀಲ ಇಳಿಸುತ್ತಿದ್ದರು, ಸೂಜಿ ದಬ್ಬಣದಿಂದ ಚೀಲ ಹೊಲಿಯುವವನೊಬ್ಬ ಮೂಲೆಯಲ್ಲಿದ್ದ, ಬಿಸಿಲಿನ ಕಂಬದಲ್ಲಿ ಧೂಳು ತೇಲುತ್ತಿತ್ತು. ಬಾಯಿ ಬಿಚ್ಚಿದ ಒಂದು ಚೀಲದಲ್ಲಿ ಮಣಿಕಟ್ಟಿನವರೆಗೆ ಕೈ ಇಳಿಸಿದೆ. ಮೇಲಿನ ಕಾಳು ಬೆಚ್ಚಗಿತ್ತು, ಒಳಗಿನದು ತಂಪಾಗಿತ್ತು. ಆ ರಾತ್ರಿಯೂ ಹಾಗೆಯೇ ಇತ್ತೆಂದು ನೆನಪಾಯಿತು: ಬೆನ್ನ ಕೆಳಗೆ ತಂಪು ತೊಗರಿ. ಕಾಲು ನಡುಗಿದವು. ಕೈಯಲ್ಲಿದ್ದ ಚೀಟಿಯ ಮೇಲೆ 90 ಎಂದು ಬರೆದೆ. ಕಾಕಾ ಗಾದಿಯ ಮೇಲಿನಿಂದ, “ಯಾವಾಗ ಸಾಕನಸ್ತದ ಹೇಳವ್ವಾ, ನಾ ಇಲ್ಲೇ ಕುಂತಿರ್ತೀನಿ,” ಎಂದರು. ಇಪ್ಪತ್ತು ನಿಮಿಷಕ್ಕೆ 70, ನಲವತ್ತಕ್ಕೆ 55, ಒಂದು ಗಂಟೆ ದಾಟಿದ ಮೇಲೆ 40. ಅಷ್ಟರಲ್ಲಿ ಕೈಯೊಳಗಿನ ಕಾಳು ಬರೀ ಕಾಳಾಗಿತ್ತು. ಕೆಂಪು ಮಿಶ್ರಿತ ಕಂದು, ಒಂದು ಬದಿಗೆ ಬಿಳಿಯ ಕಣ್ಣು. ಅದೇ ವಾರ ಮತ್ತೆ ಮೂರು ಸಲ ಹೋದೆ. ನಾಲ್ಕನೆಯ ದಿನ 35ರಿಂದ ಶುರುವಾಯಿತು.

ಈಗ ಕೊರತೆಗಳು. ಇವನ್ನು ಚಿಕಿತ್ಸಾಲಯಕ್ಕೂ ಬರೆದುಕೊಟ್ಟಿದ್ದೇನೆ. ಕಾಯುವ ಕೋಣೆಯಲ್ಲಿ ಕುಳಿತ ಸಿಬ್ಬಂದಿ ಹೆಸರಿನ ಜೊತೆಗೆ ಬಂದ ಕಾರಣವನ್ನೂ ಎಲ್ಲರ ಮುಂದೆ ಕೂಗುತ್ತಿದ್ದರು. ‘ಆಕ್ಸಿಡೆಂಟಿನ ಮೇಡಂ ಬರ್ರಿ’ ಎಂದು ಕರೆಸಿಕೊಂಡ ದಿನ ಅಲ್ಲಿ ನನ್ನ ವಿದ್ಯಾರ್ಥಿಯೊಬ್ಬನ ತಾಯಿ ಕುಳಿತಿದ್ದರು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ಗೋಪ್ಯತೆ ರೋಗಿಯ ಹಕ್ಕು. ಮನೋವೈದ್ಯರ ಬಾಗಿಲಿಗೆ ಬರಲು ಜನ ಇಂದಿಗೂ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುವ ಊರಿನಲ್ಲಿ ಈ ತಪ್ಪು ಒಬ್ಬರನ್ನಾದರೂ ಅರ್ಧದಾರಿಯಿಂದ ಹಿಂದಕ್ಕೆ ಕಳಿಸಿರುತ್ತದೆ. ನಾನು ದೂರಿದ ಮೇಲೆ ಟೋಕನ್ ಸಂಖ್ಯೆಯಿಂದ ಕರೆಯುವ ಏರ್ಪಾಡಾಯಿತು.

ಸೆಷನ್ ಕೋಣೆಗೂ ಪಕ್ಕದ ಕೋಣೆಗೂ ನಡುವೆ ಇರುವುದು ಪ್ಲೈವುಡ್ಡಿನ ಗೋಡೆ. ನನ್ನ ಅಳು ಆಚೆಗೆ ಕೇಳಿಸುತ್ತದೆಂಬ ಅರಿವಿನಿಂದ ಮೊದಲ ಮೂರು ವಾರ ಧ್ವನಿ ತಗ್ಗಿಸಿಯೇ ಮಾತಾಡಿದೆ. ಇಂಥ ಚಿಕಿತ್ಸೆಯಲ್ಲಿ ಅದು ಸಣ್ಣ ತೊಡಕಲ್ಲ. ಈಗ ಒಂದು ಫ್ಯಾನನ್ನು ಜೋರಾಗಿ ತಿರುಗಿಸುತ್ತಾರೆ, ಅದು ಸಾಲದು. ಬೇಸಿಗೆಯಲ್ಲಿ ಎರಡು ಬಾರಿ ಕರೆಂಟು ಹೋಗಿ, ಕಥೆ ಹೇಳುವ ನಡುವೆ ನಿಲ್ಲಿಸಬೇಕಾಯಿತು. ಮೇಲಂತಸ್ತಿಗೆ ಲಿಫ್ಟಿಲ್ಲ, ಮೆಟ್ಟಿಲು ಕಡಿದಾಗಿವೆ.

ಹಣದ ಮಾತು ಎಲ್ಲಕ್ಕಿಂತ ದೊಡ್ಡದು. ವೈದ್ಯೆಯ ಭೇಟಿಗೆ 600 ರೂಪಾಯಿ, ಪ್ರತಿ ಸೆಷನ್‌ಗೆ 1,200. ಔಷಧ ಬಿಟ್ಟು ನನಗೆ ಒಟ್ಟು ಹದಿನೇಳು ಸಾವಿರ ಚಿಲ್ಲರೆ ಖರ್ಚಾಯಿತು. ಸಂಬಳದವಳಾದ ನನಗೆ ಇದು ಆಯಿತು. ಅದೇ ಲಾರಿಯ ಕ್ಲೀನರನಿಗೂ ಆ ರಾತ್ರಿ ಕಾಲು ಮುರಿದಿತ್ತು. ಅವನಿಗೆ ಈಗಲೂ ಲಾರಿ ಹತ್ತಲಾಗುತ್ತಿಲ್ಲವೆಂದು ಕಾಕಾನಿಂದ ತಿಳಿಯಿತು. ಹದಿನೇಳು ಸಾವಿರ ಅವನ ಎರಡು ತಿಂಗಳ ದುಡಿಮೆ. ದಿನಗೂಲಿಯವರಿಗೆ ಕಡಿಮೆ ದರವಿದೆಯೇ ಎಂದು ನಾನು ಕೇಳಿದಾಗ, ವಾರಕ್ಕೆ ಒಂದು ಸೆಷನ್ನನ್ನು ಉಚಿತವಾಗಿ ಇಟ್ಟಿದ್ದೇವೆ ಎಂದರು, ಆದರೆ ಅದನ್ನು ಎಲ್ಲಿಯೂ ಬರೆದು ಹಾಕಿಲ್ಲ. ಬರೆದು ಹಾಕಬೇಕು. ಖಾಸಗಿ ಖರ್ಚು ಆಗದವರು ಕಲಬುರಗಿಯ ಸರಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಹೋಗಬಹುದು, ಬೀದರ ಮತ್ತು ಯಾದಗಿರಿಯಲ್ಲಿಯೂ ಸರಕಾರಿ ವೈದ್ಯಕೀಯ ಕಾಲೇಜುಗಳಿವೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಕರೆ ಮಾಡಿದರೂ ಕನ್ನಡದಲ್ಲಿ ಮಾತಾಡಬಹುದು, ಅದಕ್ಕೆ ಹಣವಿಲ್ಲ.

ಬೇರೆ ಚಿಕಿತ್ಸಾಲಯ ಹುಡುಕುವವರು ಫೋನಿನಲ್ಲಿಯೇ ಮೂರು ಮಾತು ಕೇಳಿಕೊಳ್ಳಿ: ಆಘಾತದ ನೆನಪಿನ ಮೇಲೆ ನೇರವಾಗಿ ಕೆಲಸ ಮಾಡುವ ತರಬೇತಿ ಯಾರಿಗಿದೆ, ಒಂದು ಸೆಷನ್ ಎಷ್ಟು ನಿಮಿಷ, ಪ್ರಗತಿಯನ್ನು ಯಾವುದರಿಂದ ಅಳೆಯುತ್ತೀರಿ. ಇಲ್ಲಿ ಅಳೆದದ್ದು ಪಿಸಿಎಲ್-5 ಎಂಬ ಇಪ್ಪತ್ತು ಪ್ರಶ್ನೆಗಳ ಪಟ್ಟಿಯಿಂದ, ಒಟ್ಟು ಅಂಕ 80, ಅಂಕ ಹೆಚ್ಚಿದಷ್ಟೂ ತೊಂದರೆ ಹೆಚ್ಚು. ಕನ್ನಡದಲ್ಲಿ ಓದಿ ಹೇಳಿ ತುಂಬಿಸಿಕೊಂಡರು. ಮೊದಲ ದಿನ ನನ್ನದು 58 ಇತ್ತು, ಕೊನೆಯ ಸೆಷನ್ನಿನಲ್ಲಿ 24, ಮೂರು ತಿಂಗಳ ನಂತರ ಕರೆದು ನೋಡಿದಾಗ 21. ನಿದ್ದೆ ಒಂದೊಂದು ದಿನ ಇನ್ನೂ ಒಡೆಯುತ್ತದೆ. ತಮ್ಮ ಇಲ್ಲದ ದುಃಖ ಹಾಗೆಯೇ ಇದೆ. ಅದನ್ನು ತೆಗೆಯುತ್ತೇವೆಂದು ಇಲ್ಲಿ ಯಾರೂ ಹೇಳಲಿಲ್ಲ.

ಜನವರಿಯಿಂದ ನಾನು ತಿಂಗಳಿಗೆ ಎರಡು ಸಲ ಜೇವರ್ಗಿ ಬಸ್ಸಿನಲ್ಲಿ ಅವ್ವನನ್ನು ನೋಡಲು ಹೋಗುತ್ತಿದ್ದೇನೆ, ಸೇತುವೆ ಬಂದಾಗ ಕಿಟಕಿಯ ಕಡೆಗೇ ಕುಳಿತಿರುತ್ತೇನೆ. ಹದಿಮೂರು ಸಾಲಿನ ಪಟ್ಟಿಯಲ್ಲಿ ಹನ್ನೆರಡರ ಮುಂದೆ ಗುರುತು ಬಿದ್ದಿದೆ. ಉಳಿದಿರುವುದು ರಾತ್ರಿ ಹೊತ್ತು ಆ ತಿರುವಿನಲ್ಲಿ ಇಳಿದು ನಿಲ್ಲುವುದು. ಅದಕ್ಕೆ ಮುಂದಿನ ತಿಂಗಳು ಒಂದು ಸೆಷನ್ ಬರೆಸಿದ್ದೇನೆ, ಕಾಕಾ ಜೊತೆಗೆ ಬರುತ್ತೇನೆಂದಿದ್ದಾರೆ.